ಸನ್ನಿ, ಸೆಳೆತ, ಜೋಮು: ಕೊನೆಗಾಲದ ಆರೈಕೆಯಲ್ಲಿ ನರದ ತೊಂದರೆಗಳು

ಪುಸ್ತಕದಲ್ಲಿ ಓದಿದಾಗ ಈ ಪಾಠ ಉದ್ದನೆಯ ಪಟ್ಟಿ ಅಷ್ಟೇ. ಡೆಲಿರಿಯಮ್, ಫಿಟ್ಸ್, ಮಯೋಕ್ಲೋನಸ್, ನರದ ನೋವು, ಬೆನ್ನುಹುರಿ ಒತ್ತಡ. ಹೊಸನಗರದ ಕಡೆ ಮನೆಮನೆಗೆ ಹೋಗುವ ಪ್ಯಾಲಿಯೇಟಿವ್ (ನೋವು, ಸಂಕಟ ಕಡಿಮೆ ಮಾಡುವ ಆರೈಕೆಯ) ತಂಡದ ಜೊತೆ ಓಡಾಡಿದ ಮೇಲೆ ಗೊತ್ತಾಯಿತು, ಇವು ಒಂದರ ಬಾಲ ಹಿಡಿದು ಇನ್ನೊಂದು ಬರುತ್ತವೆ, ಎಷ್ಟೋ ಸಲ ಒಂದಕ್ಕೆ ಕೊಟ್ಟ ಮಾತ್ರೆಯೇ ಇನ್ನೊಂದನ್ನು ಕರೆದು ತರುತ್ತದೆ. ಹಾಗಾಗಿ ಈ ಟಿಪ್ಪಣಿ ಓದುವಾಗ ಒಂದೇ ಪ್ರಶ್ನೆ ತಲೆಯಲ್ಲಿ ಇರಲಿ: ಇದು ಯಾವತ್ತು ಶುರುವಾಯಿತು, ಅದಕ್ಕೆ ಮುಂಚೆ ಏನು ಬದಲಾಯಿತು?

ಒಬ್ಬ ಅಜ್ಜ. ಪ್ರಾಸ್ಟೇಟ್ ಕ್ಯಾನ್ಸರ್, ಜೊತೆಗೆ ಹಳೇ ಸಕ್ಕರೆ ಕಾಯಿಲೆ. ಎರಡು ರಾತ್ರಿಯಿಂದ ಬಡಬಡಿಸುತ್ತಿದ್ದರು. ಮಾರಿ ಎಷ್ಟೋ ವರ್ಷವಾದ ಎತ್ತುಗಳನ್ನು ಹೆಸರಿಟ್ಟು ಕರೆಯುವುದು, ಕಂಬಳಿ ಕಿತ್ತು ಎಸೆಯುವುದು, ಸ್ವಂತ ಮಗನಿಗೇ ನೀನ್ಯಾರು ಅನ್ನುವುದು. ಮನೆಯವರು ಸನ್ನಿ ಅಂದರು, ಪಕ್ಕದ ಮನೆಯವರು ಗಾಳಿ ಸೋಕಿದೆ ಅಂದರು. "ಇನ್ನೇನು ಆಯ್ತು ಅಲ್ವಾ ಸಿಸ್ಟರ್?" ಅಂತ ಸೊಸೆ ಅಡುಗೆಮನೆ ಬಾಗಿಲಲ್ಲೇ ನಿಂತು ಕೇಳಿದರು. ನಮ್ಮ ಸಿಸ್ಟರ್ ಉತ್ತರ ಕೊಡದೆ ಅಜ್ಜನ ಹೊಕ್ಕುಳ ಕೆಳಗೆ ಕೈಯಿಟ್ಟು ನೋಡಿದರು. ಮಡಕೆ ಕವುಚಿ ಹಾಕಿದ ಹಾಗೆ ಉಬ್ಬಿತ್ತು. ಕಾಲುಗಳಲ್ಲಿ ಬಲ ಇದೆಯಾ, ಬೆನ್ನು ನೋವು ಹೊಸದಾಗಿ ಬಂದಿದೆಯಾ ಅಂತಲೂ ನೋಡಿದರು (ಯಾಕೆ ಅಂತ ಮುಂದೆ ಹೇಳುತ್ತೇನೆ). ಕ್ಯಾಥೆಟರ್ ಹಾಕಿದಾಗ ಲೀಟರ್ ಹತ್ತಿರ ಮೂತ್ರ ಬಂತು. ಪಾದದ ಉರಿಗೆ ಅಂತ ಐದು ದಿನದ ಹಿಂದೆ ಅಮಿಟ್ರಿಪ್ಟಿಲಿನ್ ಶುರು ಮಾಡಿದ್ದರು. ನರದ ನೋವಿಗೆ ಒಳ್ಳೆಯ ಮಾತ್ರೆಯೇ, ಆದರೆ ಪ್ರಾಸ್ಟೇಟ್ ತೊಂದರೆ ಇರುವವರಲ್ಲಿ ಮೂತ್ರ ಕಟ್ಟಿಸುತ್ತದೆ, ವಯಸ್ಸಾದವರಲ್ಲಿ ತಾನಾಗಿಯೇ ಗೊಂದಲವನ್ನೂ ತರಬಲ್ಲದು. ಡಾಕ್ಟರಿಗೆ ಫೋನ್ ಮಾಡಿ ಅದನ್ನು ನಿಲ್ಲಿಸಿದ್ದಾಯಿತು. ಮಾರನೇ ದಿನ ಸಂಜೆ ಅಜ್ಜ ಮಗನ ಹೆಸರು ಹಿಡಿದು ಕರೆದು ಕಾಫಿ ಕೇಳಿದರಂತೆ.

ಇದೇ ಡೆಲಿರಿಯಮ್. ನಮ್ಮ ಊರಿನ 'ಸನ್ನಿ' ಅನ್ನುವ ಪದ ಇದಕ್ಕೆ ಚೆನ್ನಾಗಿಯೇ ಹೊಂದುತ್ತದೆ, ಮನೆಯವರ ಹತ್ತಿರ ಅದನ್ನೇ ಬಳಸಿ. ಗುರುತು ಮೂರು. ಗಂಟೆಗಳಲ್ಲಿ ಅಥವಾ ಒಂದೆರಡು ದಿನದಲ್ಲಿ ಬರುತ್ತದೆ. ಒಂದೇ ದಿನದಲ್ಲಿ ಏರಿಳಿಯುತ್ತದೆ, ಬೆಳಿಗ್ಗೆ ಸರಿ ಇದ್ದವರು ಕತ್ತಲಾದ ಮೇಲೆ ಕೆಡುತ್ತಾರೆ. ಮತ್ತು ಗಮನ ನಿಲ್ಲುವುದಿಲ್ಲ. ಅರಳುಮರಳು, ಅಂದರೆ ಡಿಮೆನ್ಷಿಯಾ, ತಿಂಗಳು ವರ್ಷಗಳಲ್ಲಿ ಬರುವಂಥದ್ದು. ಗಮನ ಪರೀಕ್ಷಿಸಲು ವಾರದ ಹೆಸರುಗಳನ್ನು ಹಿಂದಕ್ಕೆ ಹೇಳಿಸುತ್ತಾರೆ. ನಮ್ಮ ಕಡೆ ತೋಟದ ಹಿರಿಯರು ಇದಕ್ಕೆ ಮುಖ ಸಿಂಡರಿಸುತ್ತಾರೆ, ಆಗ ನಾನು ಮಳೆ ನಕ್ಷತ್ರ ಕೇಳುತ್ತೇನೆ: ಪುಷ್ಯದಿಂದ ಹಿಂದಕ್ಕೆ, ಪುನರ್ವಸು, ಆರಿದ್ರಾ, ಮೃಗಶಿರಾ, ರೋಹಿಣಿ. ಪುಸ್ತಕದಲ್ಲಿಲ್ಲದ ಪರೀಕ್ಷೆ, ಸುಮ್ನೆ ನನ್ನದು.

ಕೂಗಾಡುವ ಸನ್ನಿ ಎಲ್ಲರ ಕಣ್ಣಿಗೆ ಬೀಳುತ್ತದೆ. ತಪ್ಪಿಹೋಗುವುದು ಮೌನದ್ದು. ಸದಾ ಮಂಪರು, ಕರೆದರೆ ತಡವಾಗಿ ಕಣ್ಣು ಬಿಡುತ್ತಾರೆ, ಗೋಡೆ ನೋಡುತ್ತಾ ಮಲಗಿರುತ್ತಾರೆ. ಪಾಪ ಸುಸ್ತು ಅಥವಾ ಮನಸ್ಸಿಗೆ ಬೇಜಾರು ಅಂತ ನಾವೂ ಬಿಟ್ಟುಬಿಡುತ್ತೇವೆ.

ಕಾರಣ ಹುಡುಕುವಾಗ ಕೆಳಗಿನಿಂದ ಮೇಲಕ್ಕೆ ಹೋಗಿ. ಮೂತ್ರ ಕಟ್ಟಿದೆಯಾ, ಹೊಟ್ಟೆ ಕಟ್ಟಿ ಎಷ್ಟು ದಿನ ಆಯಿತು, ಸೋಂಕು ಇದೆಯಾ, ನೀರು ಕುಡಿದಿದ್ದಾರಾ, ಹೊಸ ಮಾತ್ರೆ ಯಾವುದು, ಹಳೇ ಮಾತ್ರೆ ಅಥವಾ ದಿನಾ ಕುಡಿಯುತ್ತಿದ್ದ ಸಾರಾಯಿ ಯಾವುದಾದರೂ ತಟ್ಟನೆ ನಿಂತಿದೆಯಾ. ಆಮೇಲೆ ರಕ್ತದಲ್ಲಿ ಕ್ಯಾಲ್ಸಿಯಂ ಜಾಸ್ತಿ, ಸೋಡಿಯಂ ಕಡಿಮೆ, ಲಿವರ್, ಕಿಡ್ನಿ, ಮಿದುಳಿಗೆ ಹರಡಿದ ಗೆಡ್ಡೆ. ಜ್ವರ ಇದ್ದರೆ ನಮ್ಮ ಕಡೆಯವರು ಮಂಗನ ಕಾಯಿಲೆನಾ ಅಂತ ಕೇಳೇ ಕೇಳುತ್ತಾರೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಕಾಯಿಲೆ ಅದು, ಕೆಲವರಲ್ಲಿ ಜ್ವರ ಬಿಟ್ಟು ಮತ್ತೆ ಬಂದಾಗ ನಡುಕ, ಗೊಂದಲ ಕಾಣುತ್ತವೆ, ಹಾಗಾಗಿ ಆ ಪ್ರಶ್ನೆಗೆ ನಗಬೇಡಿ.

ಔಷಧಿ ವಿಷಯದಲ್ಲಿ ಆತುರ ಬೇಡ. 2017ರಲ್ಲಿ ಆಸ್ಟ್ರೇಲಿಯಾದಿಂದ ಒಂದು ಅಧ್ಯಯನ ಬಂತು. ಪ್ಯಾಲಿಯೇಟಿವ್ ಆರೈಕೆಯಲ್ಲಿದ್ದ 247 ಜನ, ಸೌಮ್ಯ ಅಥವಾ ಮಧ್ಯಮ ಸನ್ನಿ. ಇಂಥ ಗೊಂದಲಕ್ಕೆ ಕೊಡುವ ಮನೋರೋಗದ ಔಷಧಿಗಳಾದ ಹ್ಯಾಲೋಪೆರಿಡಾಲ್ ಅಥವಾ ರಿಸ್ಪೆರಿಡೋನ್ ಪಡೆದವರಿಗಿಂತ ಸುಳ್ಳು ಔಷಧಿ (ಪ್ಲಸೀಬೊ, ಒಳಗೆ ಔಷಧಿ ಅಂಶ ಇಲ್ಲದ್ದು) ಪಡೆದವರ ಲಕ್ಷಣಗಳೇ ಕಡಿಮೆ ಇದ್ದವು. ಕಾರಣಕ್ಕೆ ಚಿಕಿತ್ಸೆ, ಹಗಲು ಬೆಳಕು, ಕನ್ನಡಕ, ಪರಿಚಯದ ದನಿ, ಇವು ಎಲ್ಲರಿಗೂ ಸಿಕ್ಕಿದ್ದವು ಅನ್ನುವುದನ್ನು ಮರೆಯಬೇಡಿ. ಕೈ ಕಾಲು ಕಟ್ಟಿಹಾಕುವುದಂತೂ ಬೇಡವೇ ಬೇಡ. ರೋಗಿಗೆ ವಿಪರೀತ ಸಂಕಟ ಅಥವಾ ಅಪಾಯ ಇದ್ದರೆ ಸಣ್ಣ ಪ್ರಮಾಣದ ಹ್ಯಾಲೋಪೆರಿಡಾಲ್, ಕೊನೆಯ ದಿನಗಳಲ್ಲಿ ಸರಿಪಡಿಸಲಾಗದ ಚಡಪಡಿಕೆಗೆ ಮಂಪರು ತರುವ ಮಿಡಜೋಲಾಮ್, ಇದನ್ನು ಡಾಕ್ಟರೇ ತೀರ್ಮಾನಿಸುತ್ತಾರೆ.

ಈಗ ಬೆನ್ನುಹುರಿ. ಈ ಪಾಠದಲ್ಲಿ ಗಡಿಯಾರ ನೋಡಿ ಓಡಬೇಕಾದದ್ದು ಇದೇ. ಸ್ತನ, ಶ್ವಾಸಕೋಶ, ಪ್ರಾಸ್ಟೇಟ್ ಕ್ಯಾನ್ಸರ್‌ಗಳು ಬೆನ್ನುಮೂಳೆಗೆ ಹರಡಿ ಹುರಿಯನ್ನು ಒತ್ತುತ್ತವೆ, ಹೆಚ್ಚಾಗಿ ಎದೆಯ ಹಿಂಭಾಗದಲ್ಲಿ. ಮೊದಲು ಬೆನ್ನುನೋವು: ಮಲಗಿದರೆ ಜಾಸ್ತಿ, ಕೆಮ್ಮಿದರೆ ಜಾಸ್ತಿ, ಕೆಲವರಿಗೆ ಎದೆ ಸುತ್ತ ಪಟ್ಟಿ ಬಿಗಿದ ಹಾಗೆ. ಆಮೇಲೆ ಕಾಲು ಸೋಲುತ್ತದೆ, ಜೋಮು ಹಿಡಿಯುತ್ತದೆ. ಮೂತ್ರ ಮಲದ ಹಿಡಿತ ಹೋಗುವುದು ತಡವಾಗಿ. ಅಜ್ಜನ ಮೂತ್ರ ಕಟ್ಟಿದಾಗ ಕಾಲು ನೋಡಿದ್ದು ಇದಕ್ಕೇ. ಮಲೆನಾಡಲ್ಲಿ ಬೆನ್ನುನೋವು ಯಾರಿಗಿಲ್ಲ ಹೇಳಿ, ಅಡಿಕೆ ಹೊತ್ತಿದ್ದಕ್ಕೆ ಸೊಂಟ ಹಿಡಿದಿದೆ ಅಂತ ಎಣ್ಣೆ ತಿಕ್ಕಿಸಿಕೊಂಡು ವಾರ ಕಳೆಯುತ್ತಾರೆ. ಚಿಕಿತ್ಸೆ ಶುರುವಾಗುವಾಗ ನಡೆಯುತ್ತಿದ್ದವರು ಮುಂದೆಯೂ ನಡೆಯುವ ಸಾಧ್ಯತೆ ಜಾಸ್ತಿ, ಪೂರ್ತಿ ಸೋತ ಕಾಲು ವಾಪಸ್ ಬರುವುದು ಕಷ್ಟ. ಅನುಮಾನ ಬಂದರೆ ಸಾಮಾನ್ಯವಾಗಿ ಡೆಕ್ಸಾಮೆಥಾಸೋನ್ (ಊತ ಇಳಿಸುವ ಸ್ಟೀರಾಯ್ಡ್) 16 ಮಿಲಿಗ್ರಾಂ, 24 ಗಂಟೆಯೊಳಗೆ ಇಡೀ ಬೆನ್ನಿನ ಎಂಆರ್‌ಐ, ಆಮೇಲೆ ರೇಡಿಯೇಷನ್ ಅಥವಾ ಆಪರೇಷನ್. ನಾಳೆ ಬೆಳಿಗ್ಗೆ ಬಸ್ಸಿಗೆ ಹೋಗೋಣ ಅನ್ನುವ ವಿಷಯ ಅಲ್ಲ. ಆದರೆ ಉಳಿದಿರುವುದು ಒಂದೆರಡು ದಿನ ಮಾತ್ರ ಅನ್ನುವವರನ್ನು ಘಾಟಿ ರಸ್ತೆಯಲ್ಲಿ ಕುಲುಕಿಸಿಕೊಂಡು ಹೋಗಿ ಸ್ಕ್ಯಾನ್ ಮಾಡಿಸುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಅವರಿಗೆ ನೋವು ಕಡಿಮೆಯಾದರೆ ಸಾಕು.

ತುರ್ತಿನ ಮೊದಲ ಡೋಸ್ ಬಿಟ್ಟರೆ, ಡೆಕ್ಸಾಮೆಥಾಸೋನ್ ಬೆಳಿಗ್ಗೆಯೇ ಕೊಡಿ. ಸಂಜೆ ಕೊಟ್ಟರೆ ನಿದ್ದೆ ಕೆಡುತ್ತದೆ. ಯಾವಾಗ ಕೊಟ್ಟರೂ ಸಕ್ಕರೆ ಏರಿಸುತ್ತದೆ, ಕೆಲವರಿಗೆ ಸನ್ನಿಯನ್ನೂ ತರುತ್ತದೆ. ನೋಡಿ, ಮತ್ತೆ ಅದೇ ಕಥೆ.

ಮಾರ್ಫಿನ್ ತೆಗೆದುಕೊಳ್ಳುವವರಲ್ಲಿ ಕೈಕಾಲು ಇದ್ದಕ್ಕಿದ್ದಂತೆ ಚಿಮ್ಮುವುದು ಮಯೋಕ್ಲೋನಸ್. ಮನೆಯವರು ಫಿಟ್ಸ್ ಅನ್ನುತ್ತಾರೆ, ಆದರೆ ಇಲ್ಲಿ ಸಾಮಾನ್ಯವಾಗಿ ಎಚ್ಚರ ತಪ್ಪುವುದಿಲ್ಲ. ಕಿಡ್ನಿ ಸೋತಾಗ ಮಾರ್ಫಿನ್‌ನಿಂದ ಹುಟ್ಟಿದ ಪದಾರ್ಥಗಳು ಹೊರಗೆ ಹೋಗದೆ ಮೈಯಲ್ಲಿ ಉಳಿಯುತ್ತವೆ, ಅದರ ಪರಿಣಾಮ ಇದು. ಚಡಪಡಿಕೆ ನೋಡಿ ನೋವು ಜಾಸ್ತಿ ಆಯಿತು ಅಂತ ಡೋಸ್ ಏರಿಸಿದರೆ ಇನ್ನೂ ಹದಗೆಡುತ್ತದೆ. ಡೋಸ್ ಇಳಿಸುವುದು ಅಥವಾ ಫೆಂಟನಿಲ್ ಅನ್ನುವ ಇನ್ನೊಂದು ನೋವಿನ ಔಷಧಿಗೆ ಬದಲಾಯಿಸುವುದು ದಾರಿ. ಹೆದರಿ ಮಾರ್ಫಿನ್ ತಟ್ಟನೆ ನಿಲ್ಲಿಸಬೇಡಿ. 2014ರಲ್ಲಿ ಎನ್‌ಡಿಪಿಎಸ್ ಕಾಯ್ದೆ (ಮಾದಕ ವಸ್ತುಗಳ ನಿಯಂತ್ರಣದ ಕಾನೂನು) ತಿದ್ದುಪಡಿಯಾಗಿ ಮಾರ್ಫಿನ್ ಸಿಗುವ ದಾರಿ ಸ್ವಲ್ಪ ಸಲೀಸಾಯಿತು, ಆದರೆ ಅದರ ಬಗ್ಗೆ ಜನರ ಭಯ ಹಾಗೇ ಇದೆ.

ಪಾರ್ಕಿನ್ಸನ್ ಇರುವವರಿಗೆ ಎರಡೇ ಮಾತು. ಆ ಕಾಯಿಲೆಗೆ ಕೊಡುವ ಲೆವೊಡೋಪಾ ಒಮ್ಮೆಲೇ ನಿಲ್ಲಬಾರದು. ವಾಂತಿಗೆ ಮೆಟೊಕ್ಲೋಪ್ರಮೈಡ್, ಸನ್ನಿಗೆ ಹ್ಯಾಲೋಪೆರಿಡಾಲ್, ಎರಡೂ ಬೇಡ, ಮೈ ಮರಗಟ್ಟಿಸುತ್ತವೆ.

ಕೊನೆಯ ಗಂಟೆಗಳಲ್ಲಿ ಗಂಟಲಲ್ಲಿ ಗೊರಗೊರ ಶಬ್ದ ಬರುತ್ತದೆ. ನುಂಗುವ ಶಕ್ತಿ ಹೋಗಿ ಎಂಜಲು ನಿಂತದ್ದು ಅದು. ಒಂದು ಮಗ್ಗುಲಿಗೆ ಮಲಗಿಸಿದರೆ ಎಷ್ಟೋ ಸಲ ಸಾಕು. ಬಾಯಿಗೆ ಗಂಗಾಜಲ ಬಿಡುವುದನ್ನು ತಡೆಯಲು ಹೋಗಬೇಡಿ, ಚಮಚದ ಬದಲು ಹತ್ತಿ ಅದ್ದಿ ತುಟಿ ಒದ್ದೆ ಮಾಡಿ ಅನ್ನಿ, ಯಾರೂ ಬೇಡ ಅನ್ನುವುದಿಲ್ಲ.

ಇನ್ನು ನಿಜವಾದ ಫಿಟ್ಸ್. ಮಿದುಳಿನಲ್ಲಿ ಗೆಡ್ಡೆ ಇರುವವರು ನುಂಗಲಾಗದೆ ಮಾತ್ರೆ ಬಿಟ್ಟಾಗ ಬರುವುದು ಜಾಸ್ತಿ, ಹಾಗಾಗಿ ನುಂಗುವುದು ಕಷ್ಟ ಆಗುತ್ತಿದೆ ಅಂದ ದಿನವೇ ಬೇರೆ ದಾರಿ ಕೇಳಿ, ಫಿಟ್ಸ್ ತಡೆಯುವ ಲೆವೆಟಿರಾಸಿಟಮ್ ಅನ್ನು ಚರ್ಮದಡಿ ಕೊಡುವ ರೂಢಿಯೂ ಇದೆ. ಕೈಗೆ ಕಬ್ಬಿಣ ಕೊಡುವುದು, ಹಲ್ಲಿನ ನಡುವೆ ಚಮಚ ತುರುಕುವುದು ಬೇಡ, ಮಗ್ಗುಲಿಗೆ ತಿರುಗಿಸಿ ಟೈಮ್ ನೋಡಿ. ಐದು ನಿಮಿಷ ದಾಟಿದರೆ ಮಿಡಜೋಲಾಮ್ ಬೇಕು. ಆರಿದ್ರಾ ಮಳೆಯಲ್ಲಿ ಮರ ಬಿದ್ದು ರಸ್ತೆ ಬಂದ್ ಆದ ರಾತ್ರಿ ಆಂಬುಲೆನ್ಸ್ ಎಲ್ಲಿಂದ ಬರಬೇಕು? ಅದಕ್ಕೇ ಮೂಗಿಗೆ ಹೊಡೆಯುವ ಮಿಡಜೋಲಾಮ್ ಸ್ಪ್ರೇ ಮಳೆಗಾಲಕ್ಕೆ ಮುಂಚೆಯೇ ಮನೆಯಲ್ಲಿ ಇರಬೇಕು, ಎಷ್ಟು ಸಲ ಹೊಡೆಯಬೇಕು ಅಂತ ಡಾಕ್ಟರಿಂದ ಬರೆಸಿಕೊಂಡು, ರಾತ್ರಿ ಪಕ್ಕದಲ್ಲಿ ಮಲಗುವವರ ಕೈಯಲ್ಲೇ ಒಮ್ಮೆ ಮಾಡಿಸಿ ನೋಡಬೇಕು. ಆ ಚೀಟಿಯನ್ನು ದಪ್ಪ ಅಕ್ಷರದಲ್ಲಿ ಬರೆದು ಮಂಚದ ಪಕ್ಕದ ಗೋಡೆಗೆ ಅಂಟಿಸಿ, ಕರೆಂಟ್ ಹೋದಾಗ ಮೊಬೈಲ್ ಬೆಳಕಲ್ಲಿ ಓದಲು ಆಗಬೇಕು.