ಡಿಕ್ಲರೇಷನ್‌ನಿಂದ ಡಿನೋಟಿಫಿಕೇಷನ್‌ವರೆಗೆ: ಕರಾವಳಿಯ ಜಾಗದ ಸಿಟ್ಟಿಗೆ ಹಿನ್ನೆಲೆ ಏನು?

ದಕ್ಷಿಣ ಕನ್ನಡ, ಉಡುಪಿ ಕಡೆಯ ಹಳೇ ಕೃಷಿಕರ ಹತ್ತಿರ ಜಾಗದ ಮಾತು ತೆಗೆದರೆ ಒಂದು ಇಂಗ್ಲಿಷ್ ಶಬ್ದ ಬಂದೇ ಬರುತ್ತದೆ. ಡಿಕ್ಲರೇಷನ್. “ಇದು ನಮಗೆ ಡಿಕ್ಲರೇಷನ್‌ನಲ್ಲಿ ಆದ ಜಾಗ” ಅನ್ನುತ್ತಾರೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯರ ಬಾಯಲ್ಲೂ ಆ ಶಬ್ದ ಸಲೀಸಾಗಿ ಬರುತ್ತದೆ. ಅದರ ಕಾಗದ ಬಟ್ಟೆಯಲ್ಲಿ ಸುತ್ತಿಕೊಂಡು ಟ್ರಂಕಿನ ತಳದಲ್ಲಿ ಕೂತಿರುತ್ತದೆ.

ಸರ್ಕಾರ ಜಾಗ ಕೇಳಿದಾಗ ಈ ಕಡೆಯವರು ಯಾಕೆ ಅಷ್ಟು ಸಿಟ್ಟಾಗುತ್ತಾರೆ ಅಂತ ಹೊರಗಿನವರು ಕೇಳುವುದುಂಟು. ಪರಿಹಾರ ಕೊಡ್ತಾರಲ್ಲ, ಮತ್ತೇನು ಅಂತ. ಉತ್ತರ ಬೇಕಿದ್ದರೆ ಮೊದಲು ಆ ಟ್ರಂಕು ತೆಗೆಯಬೇಕು.

1974ಕ್ಕಿಂತ ಮುಂಚೆ ಇಲ್ಲಿ ಗದ್ದೆಯಲ್ಲಿ ದುಡಿಯುವವನು ಬೇರೆ, ಗದ್ದೆಯ ಯಜಮಾನ ಬೇರೆ. ಮೂಲಗೇಣಿಯವರದು ಸ್ವಲ್ಪ ಭದ್ರ. ಗೇಣಿ ನಿಗದಿಯಾಗಿತ್ತು, ಮಕ್ಕಳಿಗೂ ಹಕ್ಕು ಹೋಗುತ್ತಿತ್ತು. ಚಾಲಗೇಣಿಯವರದು ಹಾಗಲ್ಲ. ಧಣಿಗಳ ಮನಸ್ಸು ತಿರುಗಿದರೆ ಜಾಗ ಬಿಟ್ಟು ಏಳಬೇಕು. ಮಳೆ ಕೈಕೊಟ್ಟ ವರ್ಷವೂ ಅಕ್ಕಿಯ ಮುಡಿ ಲೆಕ್ಕದ ಪ್ರಕಾರ ಧಣಿಗಳ ಮನೆ ಮುಟ್ಟಬೇಕು. ಹಾಗಂತ ಜನ ಯಾವತ್ತೂ ಸುಮ್ನೆ ಇದ್ದವರಲ್ಲ. ಕಂಪನಿ ಸರ್ಕಾರದ ಕಾಲದಲ್ಲಿ, 1830–31ರಲ್ಲೇ, ಕಂದಾಯದ ಭಾರ ತಾಳಲಾರದೆ ರೈತರು ಊರೂರಲ್ಲಿ ‘ಕೂಟ’ ಸೇರಿ ಕಟ್ಟಲಾರೆವು ಅಂತ ಕೂತಿದ್ದರು. ಆದರೆ ಜಾಗದ ಒಡೆತನ ಮಾತ್ರ ಮೇಲಿನವರ ಕೈಯಲ್ಲೇ ಉಳಿಯಿತು.

ದೇವರಾಜ ಅರಸರ ಕಾಲದ ಭೂಸುಧಾರಣೆ ಅದನ್ನು ತಲೆಕೆಳಗು ಮಾಡಿತು. ಕಾನೂನು 1961ರದ್ದು, ಅದಕ್ಕೆ ಹಲ್ಲು ಬಂದದ್ದು 1974ರ ತಿದ್ದುಪಡಿಯಲ್ಲಿ. ಆ ವರ್ಷದ ಮಾರ್ಚ್ 1ಕ್ಕೆ ಗೇಣಿಗೆ ಕೊಟ್ಟ ಜಾಗವೆಲ್ಲ ಸರ್ಕಾರದ್ದಾಯಿತು. ಗೇಣಿದಾರರು 7ನೇ ನಮೂನೆಯಲ್ಲಿ ಅರ್ಜಿ ಕೊಟ್ಟು, ಭೂ ನ್ಯಾಯಮಂಡಳಿಯ ಮುಂದೆ ನಿಂತು, ಉಳುಮೆ ನನ್ನದು ಅಂತ ತೋರಿಸಬೇಕಿತ್ತು. ಶುರುವಿನಲ್ಲಿ ಮಂಡಳಿಯ ಒಳಗೆ ವಕೀಲರಿಗೆ ಪ್ರವೇಶವೇ ಇರಲಿಲ್ಲ. ಪಂಚೆ ಉಟ್ಟ ಒಕ್ಕಲು, ಎದುರಿಗೆ ನಿನ್ನೆವರೆಗೆ ಅವನು ತಲೆ ತಗ್ಗಿಸಿ ಮಾತಾಡಿಸುತ್ತಿದ್ದ ಧಣಿ. ಅರ್ಜಿ ಕೊಡಲೇ ಹೆದರಿದವರೂ ಇದ್ದರು. ಕೊಟ್ಟು ಗೆದ್ದವರಿಗೆ ಸಿಕ್ಕಿದ್ದೇ ಈ ಡಿಕ್ಲರೇಷನ್ ಜಾಗ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಅದೂ ಸರ್ಕಾರ ಖಾಸಗಿ ಜಾಗ ತೆಗೆದುಕೊಂಡದ್ದೇ ಅಲ್ವಾ? ಗುತ್ತು, ಬೀಡು ಅನ್ನುವ ದೊಡ್ಡ ಧಣಿಮನೆಗಳವರು ಕಳೆದುಕೊಂಡರು. ಉಡುಪಿಯ ಮಠಗಳು ಕಳೆದುಕೊಂಡವು. ನಾಲ್ಕು ಮುಡಿ ಗದ್ದೆ ಗೇಣಿಗೆ ಕೊಟ್ಟು ಅದರಲ್ಲೇ ಉಣ್ಣುತ್ತಿದ್ದ ವಿಧವೆಯರೂ ಕಳೆದುಕೊಂಡರು. ಆ ಮನೆಗಳಲ್ಲಿ ಅರಸು ಅವರ ಹೆಸರು ಎತ್ತಿದರೆ ಈಗಲೂ ಮುಖ ಗಂಟಾಗುತ್ತದೆ. ನನಗೆ ಆ ಕಾನೂನು ಸರಿಯಾಗಿಯೇ ಕಾಣುತ್ತದೆ. ಆದರೆ ಜಾಗ ಹೋದ ನೋವು ಒಕ್ಕಲಿಗೆ ಮಾತ್ರ ಮೀಸಲು ಅಂತ ಬರೆಯಲು ಕೈ ಬರುವುದಿಲ್ಲ.

ಆ ನೋವಿನ ಒಂದು ಎಳೆ ದೇಶದ ಸಂವಿಧಾನದವರೆಗೂ ಹೋಯಿತು. ಮಂಗಳೂರಿನಿಂದ ತೆಂಕಕ್ಕೆ, 1956ರವರೆಗೆ ನಮ್ಮ ಜಿಲ್ಲೆಯದೇ ಭಾಗವಾಗಿದ್ದ ಕಾಸರಗೋಡಿನಲ್ಲಿ ಎಡನೀರು ಮಠ ಇದೆ. ಕೇರಳದ ಭೂಸುಧಾರಣೆಯಲ್ಲಿ ಮಠದ ಜಾಗ ಹೋಗುತ್ತದೆ ಅಂತಾದಾಗ ಕೇಶವಾನಂದ ಭಾರತೀ ಸ್ವಾಮೀಜಿ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಯಕ್ಷಗಾನದ ಭಾಗವತಿಕೆ ಮಾಡುತ್ತಿದ್ದ ಸ್ವಾಮೀಜಿ ಅವರು. 13 ನ್ಯಾಯಮೂರ್ತಿಗಳು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು 7–6ರ ತೀರ್ಪು ಬಂತು. ಸಂವಿಧಾನದ ಮೂಲ ರಚನೆಗೆ ಕೈ ಹಾಕುವಂತಿಲ್ಲ ಅನ್ನುವ ಮಾತು ಹುಟ್ಟಿದ್ದು ಅಲ್ಲಿ. ಆಸ್ತಿಗೆ ಮಾತ್ರ ಆ ರಕ್ಷಣೆ ಸಿಗಲಿಲ್ಲ. 1978ರ 44ನೇ ತಿದ್ದುಪಡಿ ಆಸ್ತಿಯನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದಲೇ ತೆಗೆಯಿತು. ಉಳಿದದ್ದು 300ಎ ವಿಧಿಯ ಒಂದು ಸಾಲು. ಕಾನೂನಿನ ಪ್ರಕಾರ ಅಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ ಅಂತ. ಹಾಗಾದರೆ ಕಾನೂನು ಒಂದಿದ್ದರೆ ಸಾಕು. ಕಾನೂನಿಗೇನು ಬರ?

ಕೈಗಾರಿಕೆಗೆ ಜಾಗ ಹೋಗುವುದು ಇಲ್ಲಿ ಬಂದರಿನಿಂದ ಶುರು. ಪಣಂಬೂರಿನಲ್ಲಿ 1962ರಲ್ಲಿ ನವಮಂಗಳೂರು ಬಂದರಿನ ಕೆಲಸ ಆರಂಭವಾಯಿತು. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಕಡಲ ಬದಿಯ ಸಂಸಾರಗಳು ಗುಡ್ಡ ಹತ್ತಿ ಕಾಟಿಪಳ್ಳ, ಕೃಷ್ಣಾಪುರಕ್ಕೆ ಹೋದವು. ಇವತ್ತಿಗೂ ಅಲ್ಲಿ ವಿಳಾಸ ಹೇಳುವುದು ಇಷ್ಟನೇ ಬ್ಲಾಕ್, ಅಷ್ಟನೇ ಬ್ಲಾಕ್ ಅಂತ. ಊರಿಗೆ ಊರಿನ ಹೆಸರಿಲ್ಲ, ನಂಬರು. ಆಗ ದೊಡ್ಡ ಗಲಾಟೆ ಏಳಲಿಲ್ಲ. ಆ ಹೊತ್ತಿಗೆ ಡಿಕ್ಲರೇಷನ್ ಇನ್ನೂ ಬಂದಿರಲಿಲ್ಲ, ನಮ್ಮದು ಅನ್ನಲು ಎಷ್ಟೋ ಜನರ ಕೈಯಲ್ಲಿ ಕಾಗದವೇ ಇರಲಿಲ್ಲ. ನನ್ನ ಊಹೆ, ಕಾರಣ ಅದೇ.

ಬಂದರಿನ ಹಿಂದೆ ರಸಗೊಬ್ಬರ ಕಾರ್ಖಾನೆ ಬಂತು, ಕುದುರೆಮುಖದ ಅದಿರಿನ ಘಟಕ ಬಂತು, 1990ರ ದಶಕದಲ್ಲಿ ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರ ಬಂತು. ಅಷ್ಟರಲ್ಲಿ ಜನರಿಗೆ ಪಾಠ ಆಗಿತ್ತು. ನಂದಿಕೂರಿಗೆ ಅಮೆರಿಕದ ಕೊಜೆಂಟ್ರಿಕ್ಸ್ ಕಂಪನಿ 1000 ಮೆಗಾವಾಟಿನ ಕಲ್ಲಿದ್ದಲು ಸ್ಥಾವರ ತರುತ್ತೇನೆ ಅಂದಾಗ ಕರಾವಳಿ ಎದ್ದು ನಿಂತಿತು. ಬೂದಿ, ಹೊಗೆ, ಕಡಲಿಗೆ ಬಿಡುವ ಬಿಸಿ ನೀರು, ಎಲ್ಲದರ ಬಗ್ಗೆಯೂ ಪ್ರಶ್ನೆ. 1999ರ ಡಿಸೆಂಬರಿನಲ್ಲಿ ಕಂಪನಿ ಹೊರಟುಹೋಯಿತು. ಗೆದ್ದೆವು ಅಂದುಕೊಳ್ಳುವಷ್ಟರಲ್ಲಿ ಅದೇ ಜಾಗಕ್ಕೆ ಬೇರೆ ಕಂಪನಿ ಬಂತು. ಈಗ ಎಲ್ಲೂರಿನಲ್ಲಿ 1200 ಮೆಗಾವಾಟಿನ ಸ್ಥಾವರ ಇದೆ. ಶಂಕರಪುರ ಮಲ್ಲಿಗೆ ಬೆಳೆಯುವವರು ಗಿಡದ ಮೇಲಿನ ಬೂದಿ ತೋರಿಸುತ್ತಲೇ ಇದ್ದಾರೆ.

ಡಿಕ್ಲರೇಷನ್ ಜಾಗಕ್ಕೆ ನಿಜವಾದ ಪೆಟ್ಟು ಬಿದ್ದದ್ದು ಮಂಗಳೂರು ವಿಶೇಷ ಆರ್ಥಿಕ ವಲಯದಿಂದ, ಜನರ ಬಾಯಲ್ಲಿ ಎಂಎಸ್‌ಇಝಡ್. ಎಸ್‌ಇಝಡ್ ಕಾನೂನು 2005ರದ್ದು. ಮರುವರ್ಷವೇ ಇಲ್ಲಿ ಕಂಪನಿ ಹುಟ್ಟಿತು. ಮೊದಲ ಹಂತಕ್ಕೆ ಬಜಪೆ, ಪೆರ್ಮುದೆ, ಕಳವಾರು ಸುತ್ತಿನ ಜಾಗ ಹೋಯಿತು. ಎರಡನೇ ಹಂತಕ್ಕೆ ಕುತ್ತೆತ್ತೂರು, ಪೆರ್ಮುದೆ, ತೆಂಕ ಎಕ್ಕಾರು, ದೇಲಂತಬೆಟ್ಟು ಗ್ರಾಮಗಳಲ್ಲಿ ಇನ್ನೂ 2035 ಎಕರೆ ಬೇಕು ಅಂದರು.

ಜಾಗ ತೆಗೆಯುವ ದಾರಿ ಕೆಐಎಡಿಬಿಯದು, ಅಂದರೆ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯದು. 1966ರ ಆ ಕಾನೂನಿನ 28ನೇ ಸೆಕ್ಷನ್ ಓದಿದರೆ ಅದರ ವೇಗ ಗೊತ್ತಾಗುತ್ತದೆ. 28(1)ರಲ್ಲಿ ಪ್ರಾಥಮಿಕ ನೋಟಿಫಿಕೇಷನ್. ಆಕ್ಷೇಪ ಹೇಳಲು 30 ದಿನ. ವಿಚಾರಣೆ ಅಂತ ಒಂದು ಆಗುತ್ತದೆ. 28(4)ರಲ್ಲಿ ಅಂತಿಮ ನೋಟಿಫಿಕೇಷನ್. ಅದು ಬಂದ ಗಳಿಗೆಯಿಂದ ಜಾಗ ಸರ್ಕಾರದ್ದು. ಪರಿಹಾರ ಕೈಗೆ ಬಂತೋ ಇಲ್ಲವೋ, ಅದು ಬೇರೆ ಕತೆ. ಊರಿನ ಇಷ್ಟು ಜನ ಒಪ್ಪಬೇಕು ಅನ್ನುವ ಷರತ್ತು ಇಲ್ಲ. ಜಾಗ ಹೋದರೆ ಊರಿಗೇನಾಗುತ್ತದೆ ಅಂತ ಮೊದಲೇ ಅಧ್ಯಯನ ಮಾಡಬೇಕು ಅನ್ನುವುದೂ ಇಲ್ಲ. ‘ಉಳುವವನೇ ಹೊಲದೊಡೆಯ’ ಅಂತ ಕಾಗದ ಕೊಟ್ಟ ಸರ್ಕಾರವೇ ಇನ್ನೊಂದು ಕಾಗದ ಹಿಡಿದುಕೊಂಡು ಬಂದಿತ್ತು, ಅದೂ ಮೂವತ್ತು ಚಿಲ್ಲರೆ ವರ್ಷಗಳಲ್ಲೇ.

ಪರಿಹಾರ ಕೊಡ್ತಾರಲ್ಲ ಅನ್ನುವವರಿಗೆ ಇಲ್ಲಿಯ ಜಾಗದ ಲೆಕ್ಕ ಗೊತ್ತಿರುವುದಿಲ್ಲ. ಕುಮ್ಕಿಯನ್ನೇ ತಗೊಳ್ಳಿ. ವರ್ಗ ಜಾಗದ, ಅಂದರೆ ಸ್ವಂತ ಪಟ್ಟಾ ಜಾಗದ, ಸುತ್ತ ಸುಮಾರು 100 ಗಜ ದೂರದವರೆಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಕಟ್ಟಿಗೆ ತರಲು, ದನ ಮೇಯಿಸಲು ವರ್ಗದಾರನಿಗೆ ಹಕ್ಕು. ಗದ್ದೆಗೆ ಗೊಬ್ಬರ ಬರುವುದು ಆ ಗುಡ್ಡೆಯಿಂದ, ಹಟ್ಟಿಗೆ ಹಾಸುವ ಸೊಪ್ಪೂ ಅಲ್ಲಿಂದಲೇ. ತಲೆಮಾರುಗಳಿಂದ ಅಲ್ಲಿ ಗೇರು ನೆಟ್ಟವರಿದ್ದಾರೆ, ಮನೆ ಕಟ್ಟಿದವರೂ ಇದ್ದಾರೆ. ಪಹಣಿಯಲ್ಲಿ ಮಾತ್ರ ಅದು ಸರ್ಕಾರದ್ದು. ಜಾಗ ತೆಗೆಯುವಾಗ ಬೈಲಿನ ಗದ್ದೆಗೆ ರೇಟು ಇದೆ, ಕುಮ್ಕಿಗೆ ಒಡೆಯನ ಲೆಕ್ಕದ ಪರಿಹಾರ ಇಲ್ಲ. ಅರ್ಧ ಬದುಕು ಲೆಕ್ಕಕ್ಕೇ ಬರಲಿಲ್ಲ ಅಂದಹಾಗಾಯಿತು.

ಇನ್ನೊಂದು ತೊಡಕು ಅಳಿಯಸಂತಾನದ್ದು, ಆಸ್ತಿ ಹೆಣ್ಣಿನ ಕಡೆಯಿಂದ ಇಳಿದು ಬರುವ ಪದ್ಧತಿಯದ್ದು. ಜಾಗ ಅಜ್ಜಿಯ ಹೆಸರಿನಲ್ಲಿ, ಅಜ್ಜಿ ತೀರಿಹೋಗಿ ಎಷ್ಟೋ ವರ್ಷ, ಪಾಲಾಗಿಲ್ಲ. ಹಕ್ಕುದಾರರು ಮೂವತ್ತು ಜನ. ಅವರಲ್ಲಿ ಅರ್ಧ ಮುಂಬೈಯಲ್ಲಿ, ನಾಲ್ಕು ಜನ ದುಬೈಯಲ್ಲಿ. ಒಬ್ಬರು ತಕರಾರು ತೆಗೆದರೂ ಹಣ ಕೋರ್ಟಿನಲ್ಲಿ ಠೇವಣಿ. ಜಾಗ ಹೋಯಿತು, ಹಣ ಬರಲಿಲ್ಲ.

ನಮ್ಮದೂ ಒಂದು ತಪ್ಪಿದೆ, ಮುಚ್ಚಿಟ್ಟು ಫಲವಿಲ್ಲ. ರಿಜಿಸ್ಟ್ರೇಷನ್ ಖರ್ಚು ಉಳಿಯಲಿ ಅಂತ ಕ್ರಯಪತ್ರದಲ್ಲಿ ಕಮ್ಮಿ ಬರೆಸುವುದು ಊರ ರೂಢಿ. ಪರಿಹಾರ ನಿಗದಿ ಮಾಡುವ ಅಧಿಕಾರಿ ಅದೇ ಕ್ರಯಪತ್ರಗಳನ್ನು ಎದುರಿಗೆ ಇಡುತ್ತಾರೆ. ಆಗ ಬಾಯಿ ಕಟ್ಟುತ್ತದೆ.

ಇಷ್ಟೆಲ್ಲ ಸರಿಹೋದರೂ ನಾಗಬನ ಉಳಿಯುತ್ತದೆ. ನಾಗನಿಗೆ ಸೆಂಟ್ಸಿಗೆ ಎಷ್ಟು ಅಂತ ರೇಟು ಕಟ್ಟುವುದು ಹೇಗೆ? ಮುಂಬೈಯಲ್ಲಿ ಹೋಟೆಲು ಇಟ್ಟವನೂ ತನು ಹಾಕಲು, ಅಂದರೆ ನಾಗನಿಗೆ ಹಾಲೆರೆಯಲು, ಬರುವುದು ಮೂಲ ನಾಗಬನಕ್ಕೇ. ದೈವಸ್ಥಾನವನ್ನು ಕಾಲನಿಯ ಬ್ಲಾಕಿಗೆ ಒಯ್ದು ಕೂರಿಸಬಹುದು, ಕೂರಿಸಿದವರೂ ಇದ್ದಾರೆ. ಆದರೆ ಜಾಗದ ದೈವಕ್ಕೆ ಜಾಗವೇ ಇಲ್ಲದಿದ್ದರೆ ಅದನ್ನು ಏನಂತ ಕರೆಯುವುದು? ಸಭೆಗಳಲ್ಲಿ ಅಧಿಕಾರಿಗಳು ಈ ಪ್ರಶ್ನೆಗೆ ನಗುತ್ತಿದ್ದರು. ನಕ್ಕದ್ದೇ ತಪ್ಪಾಯಿತು ಅಂತ ನನಗೆ ಅನಿಸುತ್ತದೆ. ಅಲ್ಲಿಂದ ಮುಂದೆ ಹೋರಾಟಕ್ಕೆ ಜಾತಿ, ಪಕ್ಷ ಅಡ್ಡ ಬರಲಿಲ್ಲ. ಬಂಟರು, ಬಿಲ್ಲವರು, ಕ್ರೈಸ್ತ ಕೃಷಿಕರು ಒಂದೇ ಚಪ್ಪರದ ಅಡಿ ಕೂತರು. ಕೃಷಿ ಭೂಮಿ ಸಂರಕ್ಷಣಾ ಸಮಿತಿ ಮುಂದೆ ನಿಂತಿತು. ಪೇಜಾವರದ ವಿಶ್ವೇಶತೀರ್ಥ ಸ್ವಾಮೀಜಿ ದನಿಗೂಡಿಸಿದರು. ಕಳವಾರಿನಲ್ಲಿ ಜೆಸಿಬಿ ಮನೆ ಕೆಡವಿದ್ದು 2010ರಲ್ಲಿ. ಮೊದಲ ಹಂತದ ಆ ದೃಶ್ಯ ಎರಡನೇ ಹಂತದ ಊರುಗಳನ್ನು ಇನ್ನಷ್ಟು ಗಟ್ಟಿ ಮಾಡಿತು.

2011ರಲ್ಲಿ ಆ 2035 ಎಕರೆಯನ್ನು ಸರ್ಕಾರ ಡಿನೋಟಿಫೈ ಮಾಡಿತು, ಅಂದರೆ ನೋಟಿಫಿಕೇಷನ್ ಹಿಂದಕ್ಕೆ ತಗೊಂಡಿತು. ಮೊದಲ ಹಂತದ ಜಾಗ ವಾಪಸು ಬರಲಿಲ್ಲ. ಒಂದೇ ಪೆರ್ಮುದೆಯಲ್ಲಿ ಒಬ್ಬರ ಮನೆ ಉಳಿಯಿತು, ಇನ್ನೊಬ್ಬರದು ಹೋಯಿತು.

ದೇಶದ ಕಾನೂನೂ ಆ ಹೊತ್ತಿಗೆ ಬದಲಾಗುತ್ತಿತ್ತು. 2007ರ ಮಾರ್ಚಿನಲ್ಲಿ ಬಂಗಾಳದ ನಂದಿಗ್ರಾಮದಲ್ಲಿ ಜಾಗ ಬಿಡೆವು ಅಂದವರ ಮೇಲೆ ಪೊಲೀಸರ ಗುಂಡು ಹಾರಿದ ಮೇಲೆ 1894ರ ಭೂಸ್ವಾಧೀನ ಕಾನೂನನ್ನು ಇಟ್ಟುಕೊಳ್ಳುವುದು ಕಷ್ಟವಾಗಿತ್ತು. 2013ರ ಹೊಸ ಕಾನೂನು 2014ರ ಜನವರಿ 1ಕ್ಕೆ ಜಾರಿಯಾಯಿತು. ಖಾಸಗಿ ಕಂಪನಿಗೆ ಜಾಗ ತೆಗೆಯಲು ಶೇ 80 ಮಂದಿಯ ಒಪ್ಪಿಗೆ ಬೇಕು. ಸರ್ಕಾರ, ಖಾಸಗಿ ಸೇರಿ ಮಾಡುವ ಯೋಜನೆಗೆ ಶೇ 70. ಸೊಲೇಶಿಯಂ, ಅಂದರೆ ಜಾಗ ಬಲವಂತವಾಗಿ ತೆಗೆದದ್ದಕ್ಕೆ ಬೆಲೆಯ ಮೇಲೆ ಸೇರಿಸಿ ಕೊಡುವ ಹಣ, ಶೇ 30ರಿಂದ 100ಕ್ಕೆ ಏರಿತು. ಓದಲು ಚೆಂದ. ಆದರೆ ಕೆಐಎಡಿಬಿ ಕಾನೂನು ಹಾಗೇ ಉಳಿಯಿತು, ಒಪ್ಪಿಗೆಯ ಷರತ್ತು ಅದರೊಳಗೆ ಬರಲಿಲ್ಲ. ದೇವನಹಳ್ಳಿಯ 1777 ಎಕರೆಗೆ ನೋಟಿಫಿಕೇಷನ್ ಬಂದದ್ದು ಇದೇ ಕಾನೂನಿನಲ್ಲಿ. ಅಲ್ಲಿನ ರೈತರು ಮೂರು ವರ್ಷಕ್ಕೂ ಜಾಸ್ತಿ ಧರಣಿ ಕೂತ ಮೇಲೆ, 2025ರ ಜುಲೈಯಲ್ಲಿ ಸರ್ಕಾರ ಕೈಬಿಟ್ಟಿತು. ಪೇಪರಿನಲ್ಲಿ ಆ ಸುದ್ದಿ ಓದಿದ ಎಕ್ಕಾರಿನವರಿಗೆ ಹೊಸತೇನೂ ಅನಿಸಿರಲಿಕ್ಕಿಲ್ಲ.

ಹೆದ್ದಾರಿಯದು ಇನ್ನೊಂದೇ ದಾರಿ. 66ನೇ ಹೆದ್ದಾರಿ ಅಗಲ ಆಗುವಾಗ ಜಾಗ ತೆಗೆದದ್ದು 1956ರ ಹೆದ್ದಾರಿ ಕಾನೂನಿನಲ್ಲಿ. ಅದರಲ್ಲಿ ಸೊಲೇಶಿಯಂ ಇರಲೇ ಇಲ್ಲ. ರಸ್ತೆಯ ಆಚೆ ಬದಿ ಬೇರೆ ಕೆಲಸಕ್ಕೆ ಜಾಗ ಕೊಟ್ಟವನಿಗೆ ಇತ್ತು, ಈಚೆ ಬದಿ ಹೆದ್ದಾರಿಗೆ ಕೊಟ್ಟವನಿಗೆ ಇರಲಿಲ್ಲ. ಈ ಭೇದ ಸರಿಯಲ್ಲ ಅಂತ ಸುಪ್ರೀಂ ಕೋರ್ಟು ಹೇಳಿದ್ದು 2019ರ ಸೆಪ್ಟೆಂಬರಿನಲ್ಲಿ. ಅಷ್ಟರಲ್ಲಿ ಎಷ್ಟೋ ಅಂಗಡಿಗಳ ಮೇಲೆ ಡಾಂಬರು ಬಿದ್ದಾಗಿತ್ತು.

ಈಚೆಗಿನ ಸಿಟ್ಟು ಬೇರೆ ಥರದ್ದು. ಇದರಲ್ಲಿ ಜಾಗ ತೆಗೆಯುವುದೇ ಇಲ್ಲ. ಪಾದೂರಿನಲ್ಲಿ ನೆಲದಡಿ 25 ಲಕ್ಷ ಟನ್ ಕಚ್ಚಾತೈಲ ತುಂಬಿಡುವ ಗುಹೆಗಳಿವೆ, ಪೆರ್ಮುದೆಯಲ್ಲಿ 15 ಲಕ್ಷ ಟನ್ನಿನದು. ಇಂಥ ತೈಲದ ಪೈಪ್‌ಲೈನಿಗೆ 1962ರ ಕಾನೂನೊಂದಿದೆ. ಅದರಲ್ಲಿ ಜಾಗ ನಿಮ್ಮದೇ, ಬಳಸುವ ಹಕ್ಕು ಮಾತ್ರ ಅವರದು. ಅದಕ್ಕೆ ಜಾಗದ ಬೆಲೆಯ ಶೇ 10 ಮತ್ತು ಬೆಳೆ ಹಾನಿಯ ಹಣ. ಆಮೇಲೆ ಆ ಪಟ್ಟಿಯಲ್ಲಿ ಮನೆ ಕಟ್ಟುವ ಹಾಗಿಲ್ಲ, ಬಾವಿ ತೋಡುವ ಹಾಗಿಲ್ಲ, ಮರ ನೆಡುವ ಹಾಗಿಲ್ಲ. ಹತ್ತು ಸೆಂಟ್ಸ್ ಇದ್ದವನ ಜಾಗದ ನಡುವೆ ಪೈಪು ಹೋದರೆ ಉಳಿಯುವುದೇನು?

ಎಲ್ಲೂರಿನಿಂದ ಕಾಸರಗೋಡಿಗೆ ಹೋಗುವ 400 ಕೆವಿ ವಿದ್ಯುತ್ ಮಾರ್ಗದ್ದೂ ಅದೇ ಕತೆ. ಕಾರ್ಕಳ ತಾಲೂಕಿನ ಇನ್ನಾದಲ್ಲಿ ಜನ ಟವರಿನ ಕೆಲಸಕ್ಕೆ ಅಡ್ಡ ನಿಂತರು. ಇಂಥ ಕೆಲಸಕ್ಕೆ ಬಲ ಬರುವುದು ಬ್ರಿಟಿಷರು 1885ರಲ್ಲಿ ಟೆಲಿಗ್ರಾಫ್ ತಂತಿ ಎಳೆಯಲು ಮಾಡಿಕೊಂಡ ಕಾನೂನಿನಿಂದ. ತಾರು ಹೋಗಿ ಕಾಲವಾಯಿತು, ತಂತಿಯ ಕಾನೂನು ಗಟ್ಟಿಯಾಗಿದೆ. 2015ರ ಕೇಂದ್ರದ ಮಾರ್ಗಸೂಚಿಯಲ್ಲಿ ಟವರ್ ನಿಲ್ಲುವ ಜಾಗಕ್ಕೆ ಬೆಲೆಯ ಶೇ 85, ತಂತಿಯ ಕೆಳಗಿನ ಪಟ್ಟಿಗೆ ಶೇ 15 ಅಂತಿತ್ತು. 2024ರಲ್ಲಿ ಅದನ್ನು ಶೇ 200 ಮತ್ತು 30 ಮಾಡಿದರು. ಟವರಿನ ನಾಲ್ಕು ಕಾಲಿನ ಜಾಗಕ್ಕೆ ಒಳ್ಳೆಯ ಬೆಲೆ ಬಂತು ಅನ್ನೋಣ. ಆದರೆ 400 ಕೆವಿ ತಂತಿಗೆ 46 ಮೀಟರ್ ಅಗಲದ ದಾರಿ ಬೇಕು. ಅಷ್ಟು ಅಗಲಕ್ಕೆ ಕಂಗು ಇಲ್ಲ, ತೆಂಗು ಇಲ್ಲ. ಆ ಪಟ್ಟಿ ಪಹಣಿಯಲ್ಲಿ ಇನ್ನೂ ಕೃಷಿಕನ ಹೆಸರಿನಲ್ಲೇ ಇದೆ. ತೀರ್ವೆಯನ್ನು ವರ್ಷ ವರ್ಷ ಅವನೇ ಕಟ್ಟುತ್ತಾನೆ.