ಡ್ಯೂಕ್ ಮನೆಯಲ್ಲೇ ಇದ್ದಾರೆ, ಮತ್ತೆ ಟಿಕೆಟ್ ಯಾಕೆ?

ಪ್ರಶ್ನೆ: ಇಂಗ್ಲೆಂಡಿನ ಚಾಟ್ಸ್‌ವರ್ತ್ ಬಂಗಲೆ ನೋಡಬೇಕೆಂದಿದ್ದೇವೆ. ಡೆವನ್‌ಶೈರ್ ಡ್ಯೂಕ್ ಕುಟುಂಬ ಇನ್ನೂ ಅಲ್ಲೇ ಇದೆಯಂತೆ. ಅಷ್ಟು ಶ್ರೀಮಂತರು ಮನೆ ತೋರಿಸೋಕೆ ದುಡ್ಡು ಯಾಕೆ ತಗೋತಾರೆ?

ಉತ್ತರ: ಟಿಕೆಟ್ ದುಡ್ಡು ಡ್ಯೂಕ್ ಜೇಬಿಗೆ ಹೋಗುವುದಿಲ್ಲ. ಅವರೂ ಅಲ್ಲಿ ಬಾಡಿಗೆ ಕಟ್ಟಿಕೊಂಡೇ ಇದ್ದಾರೆ!

ಡರ್ಬಿಶೈರ್‌ನ ಈ ಜಾಗವನ್ನು ಡ್ಯೂಕ್ ಅವರ ಕ್ಯಾವೆಂಡಿಶ್ ಮನೆತನ ಕೊಂಡದ್ದು 1549ರಲ್ಲಿ, 600 ಪೌಂಡಿಗೆ. ಈಗ ಕಾಣುವ ಮನೆಯ ಕೆಲಸ ಶುರುವಾದದ್ದು 1687ರಲ್ಲಿ. ರಾಜ ರಾಣಿ ಬಂದು ತಂಗುತ್ತಾರೆ ಅಂತ ಭಾರೀ ಕೋಣೆಗಳನ್ನು ಕಟ್ಟಿಸಿದರು. ಅವರು ಬರಲೇ ಇಲ್ಲ. ಆ ಕೋಣೆಗಳಲ್ಲಿ ಕೊನೆಗೆ ಮಲಗಿದ್ದು ಯಾರು ಗೊತ್ತಾ? ಶಾಲೆಯ ಹುಡುಗಿಯರು. 1939ರಲ್ಲಿ ಯುದ್ಧ ಬಂತು. ದೊಡ್ಡ ಮನೆಗಳನ್ನೆಲ್ಲ ಸರ್ಕಾರ ವಶಕ್ಕೆ ತೆಗೆದುಕೊಳ್ಳುತ್ತಿತ್ತು. ಸೈನಿಕರು ಬಂದು ಕೂರುವುದಕ್ಕಿಂತ ಹುಡುಗಿಯರೇ ವಾಸಿ ಅಂತ ಆಗಿನ ಡ್ಯೂಕ್ ಲೆಕ್ಕ ಹಾಕಿದರು. ವೇಲ್ಸ್‌ನ ಪೆನ್ರೋಸ್ ಕಾಲೇಜು ಪೂರ್ತಿ ಇಲ್ಲಿಗೆ ಬಂತು. ಚಿನ್ನದ ಬಣ್ಣದ ಗೋಡೆ, ಚಿತ್ರ ಬರೆದ ಚಾವಣಿ, ಕೆಳಗೆ ಹಾಸ್ಟೆಲ್ಲಿನ ಸಾಲು ಮಂಚ!

ಯುದ್ಧ ಮುಗಿದ ಮೇಲೆ ನಿಜವಾದ ಪೆಟ್ಟು ಬಿತ್ತು. ಸಾವಿನ ತೆರಿಗೆ, ಅಂದರೆ ಮಾಲೀಕ ಸತ್ತಾಗ ಆಸ್ತಿಯ ಮೇಲೆ ಬೀಳುವ ತೆರಿಗೆ, ತಪ್ಪಿಸಲು ಡ್ಯೂಕ್ 1946ರಲ್ಲೇ ಆಸ್ತಿ ಬಿಟ್ಟುಕೊಟ್ಟಿದ್ದರು. ಆದರೆ ಆಮೇಲೆ ಐದು ವರ್ಷ ಬದುಕಿರಬೇಕೆಂಬ ಕಾನೂನು. 1950ರ ನವೆಂಬರಿನಲ್ಲಿ, ಇನ್ನು ಕೆಲವೇ ತಿಂಗಳಿರುವಾಗ, ತೀರಿಕೊಂಡರು. ಮಗನ ತಲೆಗೆ 80% ತೆರಿಗೆ. ಜಮೀನು ಹೋಯಿತು, ಚಿತ್ರಗಳು ಹೋದವು, ಹಾರ್ಡ್‌ವಿಕ್ ಹಾಲ್ ಅನ್ನೋ ಇನ್ನೊಂದು ಬಂಗಲೆಯೇ ಸರ್ಕಾರದ ಪಾಲಾಯಿತು. ಬಾಕಿ ಪೂರ್ತಿ ತೀರಿದ್ದು 1974ರಲ್ಲಿ.

ಇನ್ನೊಂದು ಸಾವು ಬಂದರೆ ಮತ್ತೆ ಅದೇ ಗೋಳು ಅಲ್ವಾ? ಅದಕ್ಕೇ 1981ರಲ್ಲಿ ಒಂದು ಟ್ರಸ್ಟ್ ಮಾಡಿ ಮನೆ, ತೋಟವನ್ನು ಅದಕ್ಕೆ ಗುತ್ತಿಗೆಗೆ ಕೊಟ್ಟರು. ಡ್ಯೂಕ್ ಬಾಡಿಗೆ ಕಟ್ಟುವುದೂ ಈ ಟ್ರಸ್ಟಿಗೇ. ನಿಮ್ಮ ಟಿಕೆಟ್ ದುಡ್ಡಿನಿಂದ ಸೂರು, ಗೋಡೆ, ತೋಟದ ಖರ್ಚು ನಡೆಯುತ್ತದೆ.

ತೋಟ ಸುಮ್ನೆ ಬಿಟ್ಟು ಬರಬೇಡಿ. ಅಲ್ಲಿನ ಮುಖ್ಯ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್ 1830ರ ದಶಕದಲ್ಲಿ ಬೆಳೆಸಿದ ಬಾಳೆಗೇ ಕ್ಯಾವೆಂಡಿಶ್ ಅಂತ ಹೆಸರು ಬಿದ್ದದ್ದು. ನಮ್ಮ ಪಚ್ಚಬಾಳೆ ಅದೇ ಗುಂಪಿನದು. ಆಮೇಲೆ ಅವರು ಕಟ್ಟಿಸಿದ ದೈತ್ಯ ಗಾಜಿನ ಮನೆ ಮಾತ್ರ ಈಗಿಲ್ಲ. ಮೊದಲ ಮಹಾಯುದ್ಧದಲ್ಲಿ ಅದನ್ನು ಬೆಚ್ಚಗಿಡಲು ಕಲ್ಲಿದ್ದಲು ಸಿಗದೆ ಗಿಡಗಳು ಸತ್ತವು, 1920ರಲ್ಲಿ ಸಿಡಿಮದ್ದಿಟ್ಟು ಕೆಡವಿದರು. ಆ ಜಾಗದಲ್ಲಿ ಈಗ ಬೇಲಿಗಿಡಗಳ ಚಕ್ರವ್ಯೂಹ ಇದೆ. ಮಕ್ಕಳು ಜೊತೆಗಿದ್ದರೆ ಅಲ್ಲಿಗೆ ಕೊನೆಯಲ್ಲಿ ಹೋಗಿ, ಬೇಗ ಹೊರಗೆ ಬರಲ್ಲ.