ಎಮ್ಮೆಗೆ ಬರೆ ಹಾಕುವ ಮೊದಲು: ಸಾಧಾರಣ ಪಿಸಿಯ ಗ್ರಾಫಿಕ್ಸ್ ಸೆಟ್ಟಿಂಗ್

ನನ್ನದು ಎಎಂಡಿಯ ರೈಜೆನ್ 5 5600ಜಿ ಪ್ರೊಸೆಸರಿನ ಪಿಸಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಪ್ರೊಸೆಸರ್ ಒಳಗೇ ಇರುವ ವೇಗಾ ಗ್ರಾಫಿಕ್ಸ್‌ನಲ್ಲೇ ಎಲ್ಲ ನಡೆಯಬೇಕು. ಮೊದಮೊದಲು ಗೇಮ್ ತಡವರಿಸಿತೆಂದರೆ ಸೀದಾ ಸೆಟ್ಟಿಂಗ್ಸ್‌ಗೆ ಹೋಗಿ ಎಲ್ಲವನ್ನೂ ಲೋ ಮಾಡಿಬಿಡುತ್ತಿದ್ದೆ. ಚಿತ್ರ ಮಬ್ಬಾಗುತ್ತಿತ್ತು, ತಡವರಿಕೆ ಮಾತ್ರ ಇದ್ದಲ್ಲೇ ಇರುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಒಂದೊಂದು ಸೆಟ್ಟಿಂಗ್ ಯಂತ್ರದ ಒಂದೊಂದು ಭಾಗದ ಮೇಲೆ ಭಾರ ಹೊರಿಸುತ್ತದೆ. ದಣಿದಿರುವುದು ಯಾವುದು ಅಂತ ಮೊದಲು ಪತ್ತೆ ಮಾಡಬೇಕು.

ಅದಕ್ಕೆ ಸುಲಭದ ಪರೀಕ್ಷೆ ಇದೆ. ವಿ-ಸಿಂಕ್ (ಫ್ರೇಮ್‌ಗಳನ್ನು ಮಾನಿಟರಿನ ವೇಗಕ್ಕೆ ಕಟ್ಟಿಹಾಕುವ ಆಯ್ಕೆ) ಮತ್ತು ಫ್ರೇಮ್ ಮಿತಿ ಎರಡನ್ನೂ ಆಫ್ ಮಾಡಿ, ಗೇಮಿನಲ್ಲಿ ಒಂದು ಜಾಗದಲ್ಲಿ ನಿಂತು ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಚಿತ್ರ, ಮೂಡುತ್ತವೆ ಎಂಬ ಲೆಕ್ಕ) ಬರೆದುಕೊಳ್ಳಿ. ಆಮೇಲೆ ರೆಸಲ್ಯೂಷನ್ 1920×1080ರಿಂದ 1280×720ಕ್ಕೆ ಇಳಿಸಿ. ಪಿಕ್ಸೆಲ್‌ಗಳು 20,73,600ರಿಂದ 9,21,600ಕ್ಕೆ ಬರುತ್ತವೆ, ಅಂದರೆ ಅರ್ಧಕ್ಕಿಂತ ಕಡಿಮೆ. ಎಫ್‌ಪಿಎಸ್ ಚೆನ್ನಾಗಿ ಏರಿತೇ? ಹಾಗಾದರೆ ಸೋತಿದ್ದದ್ದು ಗ್ರಾಫಿಕ್ಸ್. ಅಲುಗಾಡಲೇ ಇಲ್ಲವೇ? ಆಗ ಸಿಪಿಯು, ಅಂದರೆ ಪ್ರೊಸೆಸರಿನ ಲೆಕ್ಕ ಹಾಕುವ ಭಾಗ. ಸಿಪಿಯು ಸೋತಿದ್ದರೆ ಜನಸಂದಣಿ, ವಾಹನ, ದೂರದವರೆಗೆ ಕಾಣುವ ವಸ್ತುಗಳು, ಇವನ್ನು ಕಡಿಮೆ ಮಾಡಬೇಕು. ಟಾಸ್ಕ್ ಮ್ಯಾನೇಜರಿನಲ್ಲಿ ಸಿಪಿಯು ಬರೀ ಶೇ 30 ಇದೆಯಲ್ಲ ಅಂತ ಮೋಸ ಹೋಗಬೇಡಿ. 5600ಜಿಯಲ್ಲಿ 12 ಥ್ರೆಡ್‌ಗಳಿವೆ, ಅಂದರೆ ಒಟ್ಟಿಗೇ ಸಾಗುವ 12 ಕೆಲಸದ ಸಾಲುಗಳು. ಒಂದು ಥ್ರೆಡ್ ಪೂರ್ತಿ ಸುಸ್ತಾಗಿ ಬಿದ್ದಿದ್ದರೂ ಒಟ್ಟು ಲೆಕ್ಕದಲ್ಲಿ ಅದು ಶೇ 8 ಅಷ್ಟೇ.

ಇನ್ನೊಂದು ಅಭ್ಯಾಸ: ಎಫ್‌ಪಿಎಸ್ ಬಿಟ್ಟು ಮಿಲಿಸೆಕೆಂಡಿನಲ್ಲಿ ಯೋಚಿಸಿ. 60 ಎಫ್‌ಪಿಎಸ್‌ಗೆ ಒಂದು ಫ್ರೇಮ್ 16.7 ಮಿಲಿಸೆಕೆಂಡಿನಲ್ಲಿ ಮುಗಿಯಬೇಕು. 30ರಿಂದ 40ಕ್ಕೆ ಏರಲು ಪ್ರತಿ ಫ್ರೇಮಿನಲ್ಲಿ 8.3 ಮಿಲಿಸೆಕೆಂಡ್ ಉಳಿಸಬೇಕು, 90ರಿಂದ 100ಕ್ಕೆ 1.1 ಸಾಕು. ದುಬಾರಿ ಕಾರ್ಡಿನವರು ವಿಡಿಯೋದಲ್ಲಿ ‘ಇದು ಆಫ್ ಮಾಡಿದರೆ ಹತ್ತು ಎಫ್‌ಪಿಎಸ್ ಸಿಗುತ್ತೆ’ ಅಂದಾಗ ನೆನಪಿರಲಿ, ಅವರ ಹತ್ತು ನಮ್ಮ ಹತ್ತಲ್ಲ.

ನನ್ನ ಪಿಸಿಯಲ್ಲಿ ಪರೀಕ್ಷೆ ಬೆರಳು ತೋರಿಸಿದ್ದು ಗ್ರಾಫಿಕ್ಸ್ ಕಡೆಗೆ. ಆದರೆ ತಪ್ಪು ಸೆಟ್ಟಿಂಗ್ಸ್‌ನಲ್ಲಿ ಇರಲಿಲ್ಲ. ಜೋಡಿಸಿಕೊಟ್ಟ ಅಂಗಡಿಯವರು 8 ಜಿಬಿಯ ಒಂದೇ ರ್‍ಯಾಮ್ ಕಡ್ಡಿ ಹಾಕಿದ್ದರು, ಬಯೋಸ್‌ನಲ್ಲಿ (ಪಿಸಿ ಶುರುವಾಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್) ಎಕ್ಸ್‌ಎಂಪಿಯನ್ನೂ, ಅಂದರೆ ಕಡ್ಡಿಯನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಆಯ್ಕೆಯನ್ನೂ, ಆನ್ ಮಾಡಿರಲಿಲ್ಲ. 3200ರ ರ್‍ಯಾಮ್ 2400ರ ವೇಗದಲ್ಲಿ ತೆವಳುತ್ತಿತ್ತು. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇರುವುದಿಲ್ಲ, ಈ ರ್‍ಯಾಮನ್ನೇ ಸಿಪಿಯು ಜೊತೆ ಹಂಚಿಕೊಳ್ಳಬೇಕು. ಲೆಕ್ಕ ಹಾಕಿ: 2400ರಲ್ಲಿ ಒಂದು ಚಾನೆಲ್ (ಮೆಮೊರಿಯಿಂದ ಪ್ರೊಸೆಸರಿಗೆ ಮಾಹಿತಿ ಹರಿಯುವ ದಾರಿ) ಕೊಡುವುದು ಸೆಕೆಂಡಿಗೆ ಹೆಚ್ಚೆಂದರೆ 19.2 ಜಿಬಿ. 3200ರಲ್ಲಿ 25.6. ಅಂಥವು ಎರಡು ಕಡ್ಡಿ ಹಾಕಿ ಎರಡೂ ಚಾನೆಲ್ ತುಂಬಿದರೆ 51.2. ಜಿಡಿಡಿಆರ್5 ಮೆಮೊರಿ ಇರುವ ಜಿಟಿಎಕ್ಸ್ 1650 ಕಾರ್ಡಿಗೆ ತನ್ನದೇ ಆದ 128 ಇದೆ. ಇನ್ನೊಂದು 8 ಜಿಬಿ ಕಡ್ಡಿ ತಂದು ಹಾಕಿ, ಎಕ್ಸ್‌ಎಂಪಿ ಆನ್ ಮಾಡಿದ ದಿನ ಸಿಕ್ಕಿದ್ದನ್ನು ಯಾವ ಸೆಟ್ಟಿಂಗೂ ಕೊಟ್ಟಿರಲಿಲ್ಲ. ನಿಮ್ಮದು ಹೇಗಿದೆ ಅಂತ ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಒತ್ತಿ ನೋಡಿ. ಸ್ಪೀಡು, ಎಷ್ಟು ಸ್ಲಾಟ್ ತುಂಬಿದೆ, ಎರಡೂ ಅಲ್ಲೇ ಇದೆ. ಬೇರೆ ಕಾರ್ಡ್ ಇರುವವರು ಮಾನಿಟರ್ ಕೇಬಲ್ ಕಾರ್ಡಿಗೇ ಸಿಕ್ಕಿಸಿದ್ದೀರಾ ಅಂತಲೂ ಒಮ್ಮೆ ಬಗ್ಗಿ ನೋಡಿ. ನಗಬೇಡಿ, ಮದರ್‌ಬೋರ್ಡಿಗೆ ಸಿಕ್ಕಿಸಿ ತಿಂಗಳುಗಟ್ಟಲೆ ಆಡಿದವರಿದ್ದಾರೆ.

ಈಗ ಸೆಟ್ಟಿಂಗ್ಸ್. ಕಲಿಯುವುದಕ್ಕೆ 2015ರಲ್ಲಿ ಪಿಸಿಗೆ ಬಂದ ಜಿಟಿಎ 5 ಒಳ್ಳೆಯದು. ಸೆಟ್ಟಿಂಗ್ ಬದಲಿಸಿದಂತೆ ಎಷ್ಟು ವಿಡಿಯೋ ಮೆಮೊರಿ ಬೇಕೆಂದು ಮೇಲೊಂದು ಅಳತೆ ಪಟ್ಟಿ (ಬಾರ್) ತೋರಿಸುತ್ತದೆ, ಒಳಗೇ ವೇಗ ಅಳೆಯುವ ಬೆಂಚ್‌ಮಾರ್ಕ್ ಕೂಡ ಇದೆ.

ಟೆಕ್ಸ್ಚರ್ (ಗೋಡೆ, ರಸ್ತೆ, ಬಟ್ಟೆಗಳ ಮೇಲೆ ಹೊದಿಸುವ ಚಿತ್ರ) ಏರಿಸಿದರೆ ಆ ಪಟ್ಟಿ ಬೆಳೆಯುತ್ತದೆ, ಎಫ್‌ಪಿಎಸ್ ಮಾತ್ರ ಹೆಚ್ಚು ಬೀಳುವುದಿಲ್ಲ. ಮೆಮೊರಿ ತುಂಬಿ ಹೊರಚೆಲ್ಲುವವರೆಗೆ ಟೆಕ್ಸ್ಚರ್ ಹೆಚ್ಚುಕಡಿಮೆ ಪುಕ್ಕಟೆ. ಚೆಲ್ಲಿತೋ, ಕ್ಯಾಮೆರಾ ತಿರುಗಿಸಿದಾಗಲೆಲ್ಲ ಜರ್ಕ್. ಹಾಗಾಗಿ 4 ಜಿಬಿ ಕಾರ್ಡ್ ಇಟ್ಟುಕೊಂಡು ಈ ಗೇಮಿನಲ್ಲಿ ಟೆಕ್ಸ್ಚರ್ ಲೋ ಮಾಡಿ ಆಡುವುದು ಸುಮ್ಮನೆ ಕಣ್ಣಿಗೆ ಮಾಡುವ ಅನ್ಯಾಯ. ನನ್ನಂಥವರು ಮಾತ್ರ ಮೊದಲು ಬ್ರೌಸರ್ ಮುಚ್ಚಬೇಕು, ಅದೂ ಇದೇ ರ್‍ಯಾಮನ್ನೇ ತಿನ್ನುವುದು.

ಶ್ಯಾಡೋ ಕತೆ ಬೇರೆ. ನೆರಳು ಎಲ್ಲಿ ಬೀಳುತ್ತದೆಂದು ತಿಳಿಯಲು ಗೇಮ್ ಇಡೀ ದೃಶ್ಯವನ್ನು ಸೂರ್ಯನ ಕಣ್ಣಿಂದ ಇನ್ನೊಮ್ಮೆ ಬಿಡಿಸುತ್ತದೆ. ಆ ನಕ್ಷೆಯ ಅಳತೆ 1024ರಿಂದ 2048 ಆದರೆ ಉದ್ದಗಲ ಎರಡೂ ದುಪ್ಪಟ್ಟು, ಪಿಕ್ಸೆಲ್ ನಾಲ್ಕು ಪಟ್ಟು. ಆಡುವಾಗ ನೆರಳಿನ ಅಂಚು ನೋಡುವವರು ಯಾರು? ನಾನು ಮೊದಲು ಕೈಹಾಕುವುದೇ ಇಲ್ಲಿಗೆ. ವಸ್ತುಗಳ ಅಂಚನ್ನು ನಯಗೊಳಿಸುವ ಎಂಎಸ್‌ಎಎ ಅಂತೂ ಆಫ್. ಹುಲ್ಲು ಇನ್ನೂ ಮೋಸಗಾರ. ನಗರದ ರಸ್ತೆಯಲ್ಲಿ ಪರೀಕ್ಷಿಸಿದರೆ ಏನೂ ಗೊತ್ತಾಗದು. ಊರಾಚೆ ಗುಡ್ಡಕ್ಕೆ ಹೋದಿರೋ, ಎಸಳಿನ ಮೇಲೆ ಎಸಳು ಬಿದ್ದು ಅದೇ ಪಿಕ್ಸೆಲ್ಲನ್ನು ಮತ್ತೆ ಮತ್ತೆ ಬಿಡಿಸಬೇಕಾಗಿ ಎಫ್‌ಪಿಎಸ್ ಕುಸಿಯುತ್ತದೆ. ಪಾಪ್ಯುಲೇಷನ್ ಡೆನ್ಸಿಟಿ (ಜನಸಂದಣಿ) ಹೆಚ್ಚಾಗಿ ಸಿಪಿಯು ಖಾತೆ.

ಇಷ್ಟಾದರೂ ಸಾಲದಿದ್ದರೆ, ಗೇಮಿನಲ್ಲಿದ್ದರೆ, ಎಫ್‌ಎಸ್‌ಆರ್: ಚಿಕ್ಕದಾಗಿ ಬಿಡಿಸಿದ ಚಿತ್ರವನ್ನು ಪರದೆಯ ಅಳತೆಗೆ ಹಿಗ್ಗಿಸುವ ಆಯ್ಕೆ. ಎಎಂಡಿ 2021ರಲ್ಲಿ ತಂದ ಇದರ 3ರವರೆಗಿನ ಆವೃತ್ತಿಗಳು ಬೇರೆ ಕಂಪನಿಯ ಕಾರ್ಡಿನಲ್ಲೂ ನಡೆಯುತ್ತವೆ, ಎನ್ವಿಡಿಯಾದ ಇಂಥದೇ ಆಯ್ಕೆಯಾದ ಡಿಎಲ್‌ಎಸ್‌ಎಸ್‌ನಂತೆ ಆರ್‌ಟಿಎಕ್ಸ್ ಕಾರ್ಡ್ ಕೇಳುವುದಿಲ್ಲ. ಎಫ್‌ಎಸ್‌ಆರ್ 2ರ ಕ್ವಾಲಿಟಿ ಮೋಡ್ 1080ಪಿ ಪರದೆಗೆ 720ಪಿಯಲ್ಲಿ ಬಿಡಿಸಿ ಹಿಗ್ಗಿಸುತ್ತದೆ. ಸುಮ್ಮನೆ ರೆಸಲ್ಯೂಷನ್ ಇಳಿಸುವುದಕ್ಕಿಂತ ವಾಸಿ, ಏಕೆಂದರೆ ಅಕ್ಷರ, ಮ್ಯಾಪುಗಳು ಸ್ಪಷ್ಟವಾಗೇ ಉಳಿಯುತ್ತವೆ. ಪರ್ಫಾರ್ಮೆನ್ಸ್ ಮೋಡ್ 960×540ಕ್ಕೆ ಇಳಿಯುತ್ತದೆ, ತಂತಿ ಬೇಲಿಗಳೆಲ್ಲ ಮಿಣಮಿಣ ಅನ್ನುತ್ತವೆ. ನನಗೆ ಸಹಿಸಲಾಗಲಿಲ್ಲ.

ಕೊನೆಗೆ ಫ್ರೇಮ್ ಮಿತಿ. ನನ್ನ ಮಾನಿಟರ್ 60 ಹರ್ಟ್ಸ್, ಅಂದರೆ ಪರದೆ ಸೆಕೆಂಡಿಗೆ 60 ಸಲ ರಿಫ್ರೆಶ್ ಆಗುತ್ತದೆ. ಗೇಮ್ 40–50ರ ನಡುವೆ ಓಲಾಡಿದರೆ ಕೆಲವು ಫ್ರೇಮ್ ಒಂದು ರಿಫ್ರೆಶ್ ನಿಲ್ಲುತ್ತವೆ, ಕೆಲವು ಎರಡು, ಕಣ್ಣಿಗೆ ಅದೇ ಜರ್ಕ್. ಅಂಥ ಭಾರದ ಗೇಮಿಗೆ 30ರ ಮಿತಿ ಹಾಕಿಬಿಡುತ್ತೇನೆ. ಜಿಟಿಎಗೆ ಆ ಗತಿ ಬಂದಿಲ್ಲ: 1600×900, ಟೆಕ್ಸ್ಚರ್ ಹೈ, ಶ್ಯಾಡೋ ಮತ್ತು ಹುಲ್ಲು ನಾರ್ಮಲ್, ಜನಸಂದಣಿ ಅರ್ಧ. ರಿಫ್ಲೆಕ್ಷನ್ ಮಾತ್ರ ದಿನಕ್ಕೊಂದು ಥರ. ಮಳೆ ನಿಂತ ಮೇಲೆ ರಸ್ತೆ ಹೊಳೆಯುವುದನ್ನು ಬಿಡಲು ಇನ್ನೂ ಮನಸ್ಸಾಗಿಲ್ಲ.